ದುಂಡವ್ವ ಬಾಗಿಲು ಹಾಕಿದ ದಿನ

ಮನೆ ಬಾಗಿಲಿಗೆ ಮಾರಲು ಬರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೆ ನನ್ನ ಉರಿ ಮಿಶ್ರಿಕೋಟಿಯ ದುಂಡವ್ವನ ಉರಿಯ ಮುಂದೆ ಒಲೆಯ ಪಕ್ಕದ ಊದಿನಕಡ್ಡಿ ಇದ್ದಂತೆ. ಆಕೆಯ ಮನೆಯ ಎದುರಿಗೇ ಬಾಡಿಗೆಗೆ ಇದ್ದು, ಬಹಳ ವರ್ಷ ಅದನ್ನು ಹತ್ತಿರದಿಂದ ನೋಡಿದವಳು ನಾನು. ಊರ ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದೆ. ಮಥುರಾಬಾಯಿ ಎಂಬ ನನ್ನ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಇತ್ತು, ಓಣಿಗೆಲ್ಲ ನಾನು ಅಕ್ಕೋರು.

ಎಂಬತ್ತರ ದಶಕದ ನಡುವಿನ ಮಾತು. ಹುಬ್ಬಳ್ಳಿಯಿಂದ ಬಸ್ಸುಗಳು ಹೆಚ್ಚಾಗಿದ್ದವು, ಬಸ್ಸಿನ ಜೊತೆಗೆ ಈ ಪೀಡೆಯೂ ಹೆಚ್ಚಾಯಿತು. ಕುಕ್ಕರಿನವನು, ಹಲ್ಲುಪುಡಿಯವನು, ಹಳೆಯ ಜರಿ ಸೀರೆಗೆ ಸ್ಟೀಲ್ ಡಬ್ಬಿ ಕೊಡುವವಳು, ಸೊಳ್ಳೆಪರದೆಯವನು. ಗಂಡಸರು ಹೊಲಕ್ಕೆ ಹೋದ ಮೇಲೆ ಇಳಿಯುವುದು, ಅವರು ತಿರುಗಿ ಬರುವುದರೊಳಗೆ ಬಸ್ಸು ಹತ್ತುವುದು. ಬಂದವರು ಮೊದಲು ಕೇಳುವುದು ನೀರು. ನಮ್ಮ ಕಡೆ ನೀರು ಕೇಳಿದವರಿಗೆ ಇಲ್ಲ ಎನ್ನುವ ಹೆಂಗಸು ಇನ್ನೂ ಹುಟ್ಟಿಲ್ಲ. ನೀರು ಕುಡಿದವನು ಕಟ್ಟೆಯ ಮೇಲೆ ಕೂರುತ್ತಾನೆ, ಕಟ್ಟೆಯಿಂದ ಪಡಸಾಲೆಗೆ ಸರಿಯುತ್ತಾನೆ, ಅಷ್ಟೊತ್ತಿಗೆ ಮನೆಯಾಕೆ ಅಕ್ಕನೋ ಅವ್ವನೋ ಆಗಿರುತ್ತಾಳೆ. ಅಕ್ಕ ಅಂದವನನ್ನು ಹೊರಗೆ ಹಾಕಲು ಬಾಯಿ ಬರುವುದಿಲ್ಲ. ಈ ಸೌಜನ್ಯವೇ ಆ ಜನದ ಬಂಡವಾಳ.

ದುಂಡವ್ವ ಮಾತ್ರ ಇದಕ್ಕೆ ಮದ್ದು ಕಂಡುಕೊಂಡಿದ್ದಳು. ಹೊರಗಿನ ಕಟ್ಟೆಯ ಮೇಲೆ ಒಂದು ಮಣ್ಣಿನ ಗಡಿಗೆ, ಅದರ ಮೇಲೊಂದು ತಂಬಿಗೆ ಇಟ್ಟು, ನೀರು ಬೇಕಾದವನು ತಾನೇ ತುಂಬಿಕೊಂಡು ಕುಡಿಯಬೇಕು ಎಂದು ಕಟ್ಟಪ್ಪಣೆ ಮಾಡಿದ್ದಳು. ಕುಡಿಯುವವರೆಗೆ ಬಾಗಿಲಲ್ಲಿ ನಿಂತು ನೋಡುವಳು. ಒಮ್ಮೆ ಕುಕ್ಕರಿನವನೊಬ್ಬ ಮಾತಾಡುತ್ತ ಮಾತಾಡುತ್ತ ಹೊಸ್ತಿಲೊಳಗೆ ಕಾಲಿಟ್ಟ. ದುಂಡವ್ವ ಬಾಗಿಲು ದೂಡಿದಳು. ಕಾಲು ಸಿಕ್ಕಿಬಿದ್ದು ಆತ ಅಯ್ಯೋ ಎಂದ. "ಕಾಲು ನಿಂದು, ಬಾಗಲಾ ನಂದು. ನಿಂದು ನೀ ತಗೀ, ನಂದು ನಾ ಹಾಕ್ತೇನಿ" ಎಂದಳು. ಓಣಿಯ ಹೆಂಗಸರು ಇದನ್ನು ಹೇಳಿಕೊಂಡು ನಗುತ್ತಿದ್ದರು. ಗಂಡ ಸತ್ತ ಹೆಂಗಸಿಗೆ ಇಷ್ಟು ಬಾಯಿ ಒಳ್ಳೆಯದಲ್ಲ ಎಂದೂ ಹೇಳಿಕೊಳ್ಳುತ್ತಿದ್ದರು.

ಹಾಲು ಕುಡಿದು ಬಾಯಿ ಸುಟ್ಟವಳು ಮಜ್ಜಿಗೆಯನ್ನೂ ಊದುತ್ತಾಳೆ. ದುಂಡವ್ವನ ಬಾಯಿ ಸುಟ್ಟಿದ್ದು ಹೇಗೆ ಎಂಬುದನ್ನು ಯಾರೂ ನೆನೆಯುತ್ತಿರಲಿಲ್ಲ. ಆಕೆಯ ಗಂಡ ಗುಡದಪ್ಪ ಜ್ವರದಲ್ಲಿ ಹೋದಾಗ ಮಗ ಉಡಚಪ್ಪ ಇನ್ನೂ ತೊಡೆಯ ಮೇಲಿದ್ದ. ಗುಡದಪ್ಪನದೆಂದು ಇದ್ದದ್ದು ಒಂದೇ ಫೋಟೊ, ಹುಬ್ಬಳ್ಳಿಯಲ್ಲಿ ಯಾವುದೋ ಮದುವೆಗೆ ಹೋದಾಗ ಗೆಳೆಯರ ಬಲವಂತಕ್ಕೆ ತೆಗೆಸಿಕೊಂಡದ್ದು, ಅಂಗೈಯಷ್ಟು ದೊಡ್ಡದು. ಉಡಚಪ್ಪ ಶಾಲೆಗೆ ಹೋಗುವ ವಯಸ್ಸಿನಲ್ಲಿ ಒಬ್ಬ ಬಂದ. ಸಣ್ಣ ಫೋಟೊ ಕೊಟ್ಟರೆ ದೊಡ್ಡದು ಮಾಡಿ, ಬಣ್ಣ ಹಚ್ಚಿ, ಕಟ್ಟು ಹಾಕಿಸಿ ತಂದುಕೊಡುತ್ತೇನೆ, ಮಗ ತಂದೆಯ ಮುಖ ನೋಡಿ ಬೆಳೆಯಲಿ ಎಂದ. ಎಂಥ ಮಾತು ನೋಡಿ. ಅದಕ್ಕೆ ಕರಗದ ತಾಯಿ ಯಾರು? ಕೊಟ್ಟಳು. ಆತ ಮತ್ತೆ ಬರಲಿಲ್ಲ. ಆತ ಹೇಳಿದ ವಿಳಾಸ ಹಿಡಿದು ಹುಬ್ಬಳ್ಳಿಗೆ ಹೋದರೆ ಅಲ್ಲಿದ್ದದ್ದು ಹಿಟ್ಟಿನ ಗಿರಣಿ. ಉಡಚಪ್ಪ ತಂದೆಯ ಮುಖ ನೋಡದೆಯೇ ಬೆಳೆದ. ಆ ಫೋಟೊದವನು ನನ್ನ ಕೈಗೆ ಸಿಕ್ಕಿದ್ದರೆ ನಾನೂ ಬಾಗಿಲಲ್ಲಿ ಅವನ ಕಾಲು ಮುರಿಯುತ್ತಿದ್ದೆ.

ಫೋಟೊ ಹೋದ ಮೇಲೆ ಗಂಡನದೆಂದು ಆಕೆಯ ಬಳಿ ಉಳಿದದ್ದು ಕೊರಳಿಂದ ಇಳಿಸಿದ ತಾಳಿ, ನಾಲ್ಕು ಬಂಗಾರದ ಗುಂಡು. ಬರಗಾಲ ಬಂದರೂ ಮಾರಲಿಲ್ಲ, ಅಡವಿಡಲಿಲ್ಲ. ಉಡಚಪ್ಪನ ಮದುವೆ ಕುಂದಗೋಳದ ಕಡೆಯ ಹನಮವ್ವನ ಜೊತೆ ನಿಶ್ಚಯವಾದಾಗ ಅದನ್ನು ಕಲಘಟಗಿಯ ಅಕ್ಕಸಾಲಿಗನಿಗೆ ಕೊಟ್ಟು ಕರಗಿಸಿ, ಸೊಸೆಗೆ ಹೊಸ ತಾಳಿ, ಹೊಸ ಗುಂಡು ಮಾಡಿಸಿದಳು. ಬೆಂಕಿಗೆ ಬಿದ್ದ ಬಂಗಾರಕ್ಕೆ ಮೈಲಿಗೆ ಇಲ್ಲ ಎಂದು ಹಿರಿಯರು ಒಪ್ಪಿದರು. ಬಂಗಾರಕ್ಕೆ ಇಲ್ಲದ ಮೈಲಿಗೆ ಆಕೆಗೆ ಮಾತ್ರ ಇತ್ತು. ಮಗನ ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ದುಂಡವ್ವ ಅಡಿಗೆಮನೆಯಲ್ಲಿ ಅನ್ನ ಬಸಿಯುತ್ತಿದ್ದಳು. ಯಾರೂ ಹೇಳಿರಲಿಲ್ಲ, ತಾನೇ ಹೋಗಿದ್ದಳು.

ಹನಮವ್ವ ಮೆತ್ತಗಿನ ಹುಡುಗಿ. ಹಿರಿಯರಿಗೆ ಎದುರು ಮಾತಾಡಿ ಗೊತ್ತಿಲ್ಲದವಳು. ಬಂದವರನ್ನು ಅತ್ತೆ ಬೈಯುವಾಗ ಆಕೆ ಒಳಗೆ ನಾಚಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಇದನ್ನು ಓಣಿಯ ಹಿರಿಯ ಮುತ್ತೈದೆ ಸಾವಂತ್ರೆವ್ವ ಚೆನ್ನಾಗಿ ಬಲ್ಲಳು. ಮದುವೆ, ಸೀಮಂತ, ಉಡಿ ತುಂಬುವುದು ಏನೇ ಇರಲಿ, ಮುಂದೆ ನಿಲ್ಲುವವಳು ಸಾವಂತ್ರೆವ್ವ. ಹಣೆಯ ತುಂಬ ಕುಂಕುಮ, ಬಾಯ ತುಂಬ ಅಪ್ಪಣೆ. ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಎನ್ನುವ ಪೈಕಿ.

ಅಂದು ಶನಿವಾರ. ಬೆಳಗಿನ ಶಾಲೆ ಮುಗಿಸಿ ಬಂದರೆ ದುಂಡವ್ವನ ಬಾಗಿಲ ಮುಂದೆ ಪೇಟೆಯ ಬೂಟು ಎರಡು ಜೊತೆ ಬಿಟ್ಟಿದ್ದವು. ನನಗೆ ಕಣ್ಣು ನಂಬಲಾಗಲಿಲ್ಲ. ಒಳಗೆ ಹೋದೆ. ದುಂಡವ್ವ ಭತ್ತದ ಕಳೆಗೆ ಹೋಗಿದ್ದಳಂತೆ. ಪಡಸಾಲೆಯಲ್ಲಿ ಜಮಖಾನೆ ಹಾಸಿ ಇಬ್ಬರನ್ನು ಕೂರಿಸಿದ್ದರು. ಒಬ್ಬ ಅಂಗಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸಿಕೊಂಡ ಮಾತುಗಾರ, ಇನ್ನೊಬ್ಬ ಕಟ್ಟಿಗೆಯ ಪೆಟ್ಟಿಗೆ ಹಿಡಿದ ಮೂಕಬಸವ. ಸುತ್ತ ಓಣಿಯ ಹೆಂಗಸರು. ಸಾವಂತ್ರೆವ್ವನ ಕಟ್ಟೆಗೆ ಬಿಸಿಲು ಬಂದಿತ್ತು, ಅದಕ್ಕೆ ಅವರನ್ನು ಇಲ್ಲಿಗೆ ಕರೆತಂದಿದ್ದಳು. ತನ್ನ ಬಿಸಿಲಿಗೆ ಮಂದಿಯ ನೆರಳು. ಹನಮವ್ವನಿಗೆ ಬೇಡ ಎನ್ನಲಾಗಿರಲಿಲ್ಲ.

ಯಾವುದೋ ಹೊಸ ಪುಡಿಯ ಕಂಪನಿಯವರಂತೆ. ಹಿತ್ತಾಳೆ, ಬೆಳ್ಳಿ, ಬಂಗಾರ ಯಾವುದನ್ನಾದರೂ ತೊಳೆದು ಹೊಸದರಂತೆ ಮಾಡಿ ತೋರಿಸುತ್ತಾರಂತೆ, ಬಿಟ್ಟಿ. ಮೆಚ್ಚಿಗೆಯಾದರೆ ಮಾತ್ರ ಪುಡಿ ಕೊಂಡರಾಯಿತು. ಸಾವಂತ್ರೆವ್ವನ ಹಿತ್ತಾಳೆಯ ದೀಪದ ಸಮೆ ಆಗಲೇ ಥಳಥಳ ಹೊಳೆಯುತ್ತಿತ್ತು. ಕಾಲುಂಗುರವೂ ಬೆಳ್ಳಗಾಗಿತ್ತು. ಮುಂದಿನದು ಬಂಗಾರ. ಬಂಗಾರ ಎಂದರೆ ಆ ಓಣಿಯಲ್ಲಿ ತಾಳಿ, ಬೇರೆ ಏನಿತ್ತು? ಆಗ ಹೆಂಗಸರು ಹಿಂಜರಿದರು. ಗಂಡ ಇರುವಾಗ ಕೊರಳಿನಿಂದ ತಾಳಿ ಇಳಿಸುವುದುಂಟೆ?

ಮಾತುಗಾರ ಕಿವಿ ಹಿಡಿದುಕೊಂಡ. ಛೆ, ಬರಿ ಕೊರಳು ಮಾಡಿಕೊಳ್ಳಿರಿ ಎಂದು ನಾನು ಹೇಳಿದೆನೆ ಎಂದ. ಪೆಟ್ಟಿಗೆಯಿಂದ ಅರಿಷಿಣದ ಕೊಂಬು ಕಟ್ಟಿದ ದಾರ ತೆಗೆದು, ಎರಡೂ ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿ ಸಾವಂತ್ರೆವ್ವನ ಮುಂದೆ ಇಟ್ಟ. ತಾಳಿಯ ದಾರ ಬದಲಿಸುವಾಗ ಮೊದಲು ಅರಿಷಿಣದ ಕೊಂಬು ಕಟ್ಟಿಕೊಂಡು ಆಮೇಲೆ ತಾಳಿ ಇಳಿಸುವುದು ನಮ್ಮ ಕಡೆಯ ಪದ್ಧತಿ. ಅದು ಆತನಿಗೆ ಗೊತ್ತಿತ್ತು, ಗೊತ್ತಿದ್ದೇ ದಾರ ಕಟ್ಟಿ ತಂದಿದ್ದ. ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಎಂಥ ಸಂಸ್ಕಾರದ ಹುಡುಗ, ಯಾವ ತಾಯಿ ಹೆತ್ತಳೋ ಎಂದು ಸಾವಂತ್ರೆವ್ವನ ಕಣ್ಣು ತುಂಬಿತು. ಪುಡಿ ಮಾರುವವನ ಪೆಟ್ಟಿಗೆಯಲ್ಲಿ ಅರಿಷಿಣದ ಕೊಂಬು ಯಾಕಿತ್ತು ಎಂದು ಒಬ್ಬಳಿಗೂ ಹೊಳೆಯಲಿಲ್ಲ. ನಾನು ಬೇಡ ಎಂದೆ. ಅಕ್ಕೋರು ಶಾಲೆ ನೋಡಿಕೊಳ್ಳಲಿ, ಮದುವೆಯಾಗದವರಿಗೆ ತಾಳಿಯ ಮಾತು ಯಾಕೆ ಎಂದು ಸಾವಂತ್ರೆವ್ವ ನನ್ನ ಬಾಯಿ ಮುಚ್ಚಿಸಿದಳು.

ಆತ ಪಿಂಗಾಣಿ ಬೋಗುಣಿಗೆ ಸೀಸೆಯಿಂದ ಹಳದಿ ನೀರು ಸುರಿದ. ಮೂಗು ಸುಡುವಂಥ ವಾಸನೆ. ಸಾವಂತ್ರೆವ್ವನ ತಾಳಿ, ಗುಂಡು ದಾರದಿಂದ ಬಿಡಿಸಿ ಅದರಲ್ಲಿ ಹಾಕಿ, ಮಾತಾಡುತ್ತ ಮಾತಾಡುತ್ತ ಬಹಳ ಹೊತ್ತು ಬಿಟ್ಟ. ಹೊರಗೆ ತೆಗೆದವನು ಯಾರಿಗೂ ತೋರಿಸಲಿಲ್ಲ. ಅರಿಷಿಣದ ಪುಡಿಯಲ್ಲಿ ಹೊರಳಿಸಿ, ಕಾಗದದಲ್ಲಿ ಮಡಿಸಿ ಕೈಗಿಟ್ಟ. ದೇವರ ಮುಂದೆ ಇಟ್ಟು, ದೀಪ ಹಚ್ಚಿದ ಮೇಲೆಯೇ ಬಿಚ್ಚಬೇಕು, ಮೊದಲೇ ಬಿಚ್ಚಿದರೆ ಹೊಳಪು ನಿಲ್ಲುವುದಿಲ್ಲ, ಯಜಮಾನರಿಗೂ ಒಳ್ಳೆಯದಲ್ಲ ಎಂದ. ಸಾವಂತ್ರೆವ್ವ ಆ ಪೊಟ್ಟಣವನ್ನು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಹನಮವ್ವನ ಕಡೆ ತಿರುಗಿ, ನಿನ್ನದೂ ಕೊಡು ಎಂದಳು. ಹನಮವ್ವ ಅರಿಷಿಣದ ಕೊಂಬು ಕಟ್ಟಿಕೊಂಡು ತಾಳಿ ಇಳಿಸಿದಳು.

ಅದು ಬೋಗುಣಿಗೆ ಬೀಳುವುದಕ್ಕೂ ದುಂಡವ್ವ ಹುಲ್ಲಿನ ಹೊರೆ ಹೊತ್ತು ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಬೂಟು ನೋಡಿದಳು, ಹೊರೆ ಅಲ್ಲೇ ಕೆಡವಿದಳು. ಒಳಗೆ ಬಂದು ಬೋಗುಣಿ ನೋಡಿದಳು, ಸೊಸೆಯ ಕೊರಳು ನೋಡಿದಳು. ಬೈಯಲು ಬಾಯಿ ತೆರೆಯುವಷ್ಟರಲ್ಲಿ ಸಾವಂತ್ರೆವ್ವ ಎದ್ದು ಅಡ್ಡ ನಿಂತಳು.

"ದುಂಡವ್ವಾ, ಹುಡಿಗಿ ಕೊರಳಾಗ ತಾಳಿ ಇಲ್ಲ. ಇಂಥಾ ಹೊತ್ತಿನ್ಯಾಗ ನೀ ಎದುರಿಗೆ ನಿಂದರಬಾರದು. ಒಳಗ ಹೋಗ."

ಆಕೆಯ ಮನೆ, ಆಕೆಯ ಸೊಸೆ, ಆಕೆಯ ಗಂಡನ ಬಂಗಾರ. ಆಕೆಯನ್ನೇ ಒಳಗೆ ಹೋಗೆನ್ನುವುದು. ನನಗೆ ಸಾವಂತ್ರೆವ್ವನ ಕೆನ್ನೆಗೆ ಬಾರಿಸಬೇಕೆನಿಸಿತು. ದುಂಡವ್ವ ಹನಮವ್ವನ ಮುಖ ನೋಡಿದಳು. ಹನಮವ್ವ ನೆಲ ನೋಡುತ್ತಿದ್ದಳು. ಕುಕ್ಕರಿನವನ ಕಾಲು ಜಜ್ಜಿದ ಹೆಂಗಸು ಒಂದು ಮಾತೂ ಆಡದೆ ಒಳಗೆ ಹೋದಳು. ಮಗನ ಮದುವೆಯಲ್ಲಿ ಹೋದಂತೆಯೇ ಹೋದಳು. ಆ ಕಳ್ಳನೂ ಊರಿನವರೂ ಇಷ್ಟು ಚೆನ್ನಾಗಿ ಕೂಡಿ ಕೆಲಸ ಮಾಡಿದ್ದು ನಾನು ಮತ್ತೆ ಎಲ್ಲೂ ನೋಡಿಲ್ಲ. ಮನೆ ಕಾಯುವವಳೊಬ್ಬಳಿದ್ದಳು, ಆಕೆಯನ್ನು ನಾವೇ ಒಳಗೆ ಕಳಿಸಿದೆವು.

ಮಾತುಗಾರ ನೆಮ್ಮದಿಯಾಗಿ ಕೂತ. ಸಂಪ್ರದಾಯ ಇರುವ ಮನೆ ಎಂದರೆ ಹೀಗಿರಬೇಕು ಎಂದು ಹೊಗಳಿದ. ನಿಮ್ಮ ಯಜಮಾನರು ಹೊಲದಿಂದ ಎಷ್ಟೊತ್ತಿಗೆ ಬರುತ್ತಾರೆ ಎಂದು ಹನಮವ್ವನನ್ನು ಕೇಳಿದ. ಆಕೆ ಸಂಜೆಗೆ ಎಂದಳು. ಹಾಗಾದರೆ ಒಳ್ಳೆಯದೇ ಆಯಿತು, ದೀಪ ಹಚ್ಚುವವರೆಗೆ ಪೊಟ್ಟಣ ಬಿಚ್ಚಬೇಡಿರಿ ಎಂದು ಮತ್ತೆ ಹೇಳಿದ.

ಅಡಿಗೆಮನೆಯಿಂದ ದುಂಡವ್ವ ಬಂದಳು. ಕೈಯಲ್ಲಿ ಒಲೆಗೆ ಇಟ್ಟಿದ್ದ ಕಟ್ಟಿಗೆ. ಯಾರ ಕಡೆಗೂ ನೋಡದೆ ನೆಟ್ಟಗೆ ತಲೆಬಾಗಿಲಿಗೆ ಹೋಗಿ, ಬಾಗಿಲು ಮುಚ್ಚಿ, ಚಿಲಕ ಹಾಕಿದಳು. ಮಾರುವವರನ್ನು ಹೊರಗಿಟ್ಟು ಬಾಗಿಲು ಹಾಕುವುದು ಆಕೆಯ ರೂಢಿ, ಒಳಗಿಟ್ಟು ಹಾಕಿದ್ದು ಅದೇ ಮೊದಲು. ಪಡಸಾಲೆ ಕತ್ತಲಾಯಿತು. ಆಕೆ ಬಂದು ಬೋಗುಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ತೊಳದ ವಸ್ತು ಮುಚ್ಚಿ ಯಾಕ ಇಡಬೇಕು? ಚಲೋ ತೊಳದಿದ್ರ ಬಿಚ್ಚಿ ತೋರಸು."

ಆತನ ಮುಖದ ಬಣ್ಣ ಹೋಯಿತು. ಆದರೆ ಬುದ್ಧಿ ಹೋಗಲಿಲ್ಲ, ಬುದ್ಧಿ ಚುರುಕಾಗಿಯೇ ಇತ್ತು. ಆತ ದುಂಡವ್ವನ ಜೊತೆ ಮಾತಾಡಲಿಲ್ಲ, ಉಳಿದ ಹೆಂಗಸರ ಕಡೆ ತಿರುಗಿದ. ತಾಳಿ ಇಳಿಸಿದ ಹೊತ್ತಿನಲ್ಲಿ ಇಂಥವರು ಎದುರಿಗೆ ಬಂದುಬಿಟ್ಟರು, ಇನ್ನು ಈ ತಂಗಿಯ ಯಜಮಾನರಿಗೆ ಏನಾದರೂ ಆದರೆ ನಮ್ಮನ್ನು ಅನ್ನಬೇಡಿರಿ ಎಂದ. ಅಷ್ಟು ಸಾಕಾಯಿತು. ಸಾವಂತ್ರೆವ್ವ ಎದೆ ಬಡಿದುಕೊಂಡು, ಇವಳು ತನ್ನ ಗಂಡನನ್ನು ತಿಂದದ್ದು ಸಾಲದೆ ಮಗನನ್ನೂ ತಿನ್ನಲು ಕೂತಳು ಎಂದು ಬಾಯಿಗೆ ಬಂದದ್ದು ಅಂದಳು. ಹನಮವ್ವ ಅಳತೊಡಗಿದಳು.

ದುಂಡವ್ವ ಕೂತಲ್ಲಿಂದ ಏಳಲಿಲ್ಲ.

"ಇಕಿ ಯಜಮಾನ ನನ್ನ ಹೊಟ್ಟಿಲೆ ಹುಟ್ಟಿದಾಂವ. ನನ್ನ ನೆರಳ ಬಡದು ಸಾಯಾಂವ ಇದ್ರ, ತೊಟ್ಟಿಲದಾಗ ಸಾಯತಿದ್ದ."

ಎದೆ ಬಡಿದುಕೊಳ್ಳುತ್ತಿದ್ದ ಸಾವಂತ್ರೆವ್ವ ಕೈ ಇಳಿಸಿದಳು.

ಮಾತುಗಾರ ಬೋಗುಣಿಗೆ ಕೈ ಹಾಕಿದ. ಇದು ವಿಷದ ನೀರು, ಮಕ್ಕಳು ತಿರುಗಾಡುವ ಮನೆ, ಹೊರಗೆ ಚೆಲ್ಲಿ ಬರುತ್ತೇನೆ ಎಂದ. ದುಂಡವ್ವ ಒಂದು ಕೈಯಿಂದ ಬೋಗುಣಿಯ ಅಂಚು ಹಿಡಿದು, ಇನ್ನೊಂದು ಕೈಯಲ್ಲಿದ್ದ ಕಟ್ಟಿಗೆಯಿಂದ ಆತನ ಮುಂಗೈಗೆ ಕೊಟ್ಟಳು. ನೀರು ತುಳುಕಿ ಆಕೆಯ ಪಾದದ ಮೇಲೆ ಬಿತ್ತು. ಸೀರೆಯ ಅಂಚು ನಮ್ಮ ಕಣ್ಣೆದುರಿಗೇ ಕರಗಿ ತೂತು ಬಿತ್ತು, ಪಾದದ ಚರ್ಮ ಕೆಂಪಾಗಿ ಎದ್ದಿತು. ಆಕೆ ಬೋಗುಣಿ ಬಿಡಲಿಲ್ಲ. ಪೆಟ್ಟಿಗೆಯವನು ಅಷ್ಟರಲ್ಲಿ ಹಿತ್ತಲ ಬಾಗಿಲಿನ ದಾರಿ ಹುಡುಕಿಕೊಂಡಿದ್ದ. ಮಾತುಗಾರನೂ ಪಕ್ಕದಲ್ಲಿದ್ದ ತನ್ನ ಕೈಚೀಲ ಎತ್ತಿಕೊಂಡು ಅವನ ಹಿಂದೆ ಓಡಿದ. ಇಬ್ಬರೂ ಬರಿಗಾಲಲ್ಲಿ ಮುಳ್ಳುಬೇಲಿ ಹಾರಿದರು. ನಾನು ಚಿಲಕ ತೆಗೆದು ಓಣಿಯ ತುಂಬ ಕೂಗಿದೆ. ಪೆಟ್ಟಿಗೆಯವನನ್ನು ಸೈಕಲ್ ಅಂಗಡಿಯ ಬಾಷಾಸಾಬ ಬಸ್ಸಿನ ಹತ್ತಿರ ಹಿಡಿದು ಕೂರಿಸಿದ. ಮಾತುಗಾರ ಸಿಗಲೇ ಇಲ್ಲ. ಈಗಲೂ ಯಾವುದೋ ಊರಿನಲ್ಲಿ ಯಾರನ್ನೋ ಅಕ್ಕ ಎನ್ನುತ್ತಿರಬೇಕು, ಹಾಳಾಗಿ ಹೋಗಲಿ.

ಅವರು ಬಿಟ್ಟುಹೋದ ಪೆಟ್ಟಿಗೆ ತೆರೆದು ನೋಡಿದೆ. ಅರಿಷಿಣದ ಕೊಂಬು ಕಟ್ಟಿದ ದಾರಗಳು ಹೊರೆಗಟ್ಟಲೆ ಇದ್ದವು. ಒಂದೊಂದು ದಾರ ಒಂದೊಂದು ಮನೆ. ಸಾವಂತ್ರೆವ್ವ ಪೊಟ್ಟಣ ಬಿಚ್ಚಿದಳು. ಒಳಗೆ ಉಳ್ಳಾಗಡ್ಡಿಯ ಸಿಪ್ಪೆಯಷ್ಟು ತೆಳ್ಳಗಿನ ತಾಳಿ ಇತ್ತು. ಉಳಿದ ಬಂಗಾರ ಬೋಗುಣಿಯ ನೀರಿನಲ್ಲಿ ಕರಗಿತ್ತು. ಆ ನೀರನ್ನು ಉಡಚಪ್ಪ ಮರುದಿನ ಕಲಘಟಗಿಯ ಅಕ್ಕಸಾಲಿಗನ ಬಳಿ ಒಯ್ದ, ಆತ ಅದರಿಂದ ಬಹುಪಾಲು ಬಂಗಾರ ತೆಗೆದುಕೊಟ್ಟ. ಎರಡು ಮನೆಯ ಬಂಗಾರ ಒಂದೇ ನೀರಿನಲ್ಲಿ ಕೂಡಿದ್ದರಿಂದ ಹಂಚಿಕೊಳ್ಳುವಾಗ ಸಾವಂತ್ರೆವ್ವ ಜಗಳವನ್ನೂ ತೆಗೆದಳು. ಅದೆಲ್ಲ ಆಮೇಲಿನ ಮಾತು.

ಆ ಮಧ್ಯಾಹ್ನ ಹನಮವ್ವನ ತಾಳಿ ಇನ್ನೂ ಬೋಗುಣಿಯಲ್ಲೇ ಇತ್ತು. ದುಂಡವ್ವ ಕಟ್ಟಿಗೆಯ ಸಿಬಿರಿನಿಂದ ತಾಳಿ, ಗುಂಡು ಒಂದೊಂದಾಗಿ ಮೇಲೆತ್ತಿ ನೀರಿನ ತಂಬಿಗೆಗೆ ಹಾಕಿದಳು. ಸ್ವಲ್ಪ ಸವೆದಿದ್ದವು, ಆದರೆ ಇದ್ದವು. ಕೈಯಿಂದ ಮುಟ್ಟಲಿಲ್ಲ. ಅಕ್ಕೋರೆ, ತೊಳೆದು ಪೋಣಿಸಿರಿ ಎಂದು ನನಗೆ ಹೇಳಿದಳು. ಊರಿಗೆಲ್ಲ ಹೆದರದ ಹೆಂಗಸು ತಾಳಿಗೆ ಹೆದರುತ್ತಿದ್ದಳು. ನಾನು ತೊಳೆದು, ಬಿಡಿಸಿಟ್ಟಿದ್ದ ಕರಿಮಣಿಯ ದಾರಕ್ಕೆ ಪೋಣಿಸಿ ಹಿಡಿದುಕೊಂಡೆ. ಸಾವಂತ್ರೆವ್ವನಿಗೆ ಆಗ ತನ್ನ ಹಿರಿತನ ನೆನಪಾಯಿತು. ಮುತ್ತೈದೆಯ ಕೈಯಿಂದಲೇ ಕಟ್ಟಬೇಕು, ಇಲ್ಲಿ ಕೊಡಿ ಎಂದು ಕೈ ಚಾಚಿದಳು.

ಹನಮವ್ವ ಕಣ್ಣೊರೆಸಿಕೊಂಡು ನನ್ನ ಕೈಯಿಂದ ತಾಳಿ ತೆಗೆದುಕೊಂಡಳು. ಸಾವಂತ್ರೆವ್ವನ ಚಾಚಿದ ಕೈಯನ್ನು ದಾಟಿ, ಪಾದಕ್ಕೆ ನೀರು ಹಾಕಿಕೊಳ್ಳುತ್ತಿದ್ದ ಅತ್ತೆಯ ಮುಂದೆ ಹೋಗಿ ಕೂತಳು.

"ಅತ್ತಿ, ನೀವ ಕಟ್ರಿ."

ದುಂಡವ್ವ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆಕೆ ಹೆದರಿದ್ದನ್ನು ನಾನು ನೋಡಿದ್ದು ಅಂದೇ. ತಲೆ ಕೆಟ್ಟಿದೆಯೇನು, ನನ್ನ ಕೈಯಿಂದ ಆಗುವ ಕೆಲಸವೇ ಅದು, ಹಿರಿಯರಿದ್ದಾರೆ ಹೋಗು ಎಂದಳು. ಹನಮವ್ವ ಏಳಲಿಲ್ಲ.

"ನಿಮ್ಮನ್ನ ಒಳಗ ಹೋಗಂದಾಗ ನಾ ಸುಮ್ನ ಕುಂತೆ. ಅದ ತಪ್ಪಾತು. ಈಗ ನೀವ ಕಟ್ಟಲಿಲ್ಲಂದ್ರ ನನಗ ತಾಳಿನ ಬ್ಯಾಡ."

ಸಾವಂತ್ರೆವ್ವ ಇದನ್ನು ನೋಡಲಾರೆ ಎಂದು ಎದ್ದಳು, ಹೊಸ್ತಿಲ ಆಚೆ ಉಗುಳಿ ಹೋದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಒಂದು ವರ್ಷ ಆ ಮನೆಗೆ ಯಾರೂ ಅರಿಷಿಣ ಕುಂಕುಮಕ್ಕೆ ಕರೆ ಕಳಿಸಲಿಲ್ಲ. ಉಡಚಪ್ಪನಿಗೆ ನೆಗಡಿ ಬಂದರೂ ಓಣಿಯಲ್ಲಿ ಪಿಸುಮಾತು ಏಳುತ್ತಿತ್ತು. ಆತ ಇವತ್ತಿಗೂ ಗಟ್ಟಿಯಾಗಿದ್ದಾನೆ.

ಪಡಸಾಲೆಯಲ್ಲಿ ನಾವು ಮೂವರೇ ಉಳಿದೆವು. ದುಂಡವ್ವ ಬೈಯುತ್ತಲೇ ಕೈ ಹೊರಗೆ ತೆಗೆದಳು. ಹುಚ್ಚಿ, ಬುದ್ಧಿಗೇಡಿ, ಕಳ್ಳರಿಗೆ ಜಮಖಾನೆ ಹಾಸಿದವಳು, ನಿಮ್ಮಪ್ಪ ನಿನಗೆ ಇದನ್ನೇ ಕಲಿಸಿದನೇ ಎಂದು ಒಂದೊಂದು ಗಂಟಿಗೆ ಒಂದೊಂದು ಬೈಗುಳ. ಮೂರನೆಯ ಗಂಟಿಗೆ ಬೈಗುಳ ಬರಲಿಲ್ಲ. ತಾಳಿಯನ್ನು ಬೆರಳಲ್ಲಿ ಹಿಡಿದುಕೊಂಡೇ ಕೂತಳು. ಗುಡದಪ್ಪ ಹಾಕಿದ ಬಂಗಾರ ಹನಮವ್ವನ ತಾಳಿಯಾದ ಮೇಲೆ ಆಕೆ ಅದನ್ನು ಮುಟ್ಟಿದ್ದು ಅದೇ ಮೊದಲು.